ಹಿಂಗೋಡೆಯ ಕಿಂಡಿ

ಬಜಾಜ್ ನಗರದ ನಮ್ಮ ಮನೆಯ ಕೂಲರಿಗೆ ಮೊನ್ನೆ ಹೊಸ ಲಾವಂಚದ ಬೇರು ತುಂಬಿಸಿದೆವು. ಅದರ ಮೇಲೆ ಮೊದಲ ಸಲ ನೀರು ಬಿದ್ದಾಗ ಏಳುವ ವಾಸನೆ ನಿಮಗೆ ಗೊತ್ತಿದ್ದರೆ ನಾನು ವರ್ಣಿಸಬೇಕಿಲ್ಲ. ಗೊತ್ತಿಲ್ಲದಿದ್ದರೆ ವರ್ಣಿಸಿಯೂ ಫಲವಿಲ್ಲ, ಮೇ ತಿಂಗಳಲ್ಲಿ ಒಮ್ಮೆ ನಾಗಪುರಕ್ಕೆ ಬಂದುಬಿಡಿ. ಎಲ್ಲರೂ ಆ ವಾಸನೆಗೆ ಆಹಾ ಎನ್ನುತ್ತಾರೆ. ನನಗೆ ಮಾತ್ರ ಮೊದಲು ಉಸಿರು ಕಟ್ಟುತ್ತದೆ, ಆಮೇಲೆ ಅಕ್ಕ ನೆನಪಾಗುತ್ತಾಳೆ.

ಐವತ್ತರ ದಶಕದ ಮಾತು. ಮ್ಯಾಟ್ರಿಕ್‌ನಲ್ಲಿ ಗಣಿತ ಕೈಕೊಟ್ಟು ಧಾರವಾಡದ ಮನೆಯಲ್ಲಿ ಸುಮ್ಮನೆ ಕೂತಿದ್ದ ನನ್ನನ್ನು, ಅಕ್ಕನ ಜೊತೆಗಿರಲಿ ಎಂದು ನಾಗಪುರಕ್ಕೆ ಕಳಿಸಿದರು. ಹಿಂದಿನ ಬೇಸಿಗೆಯಲ್ಲಿ ಅವಳ ಚೊಚ್ಚಲ ಕೂಸು ಹೋಗಿತ್ತು. ಆ ಬಗ್ಗೆ ಮನೆಯಲ್ಲಿ ಯಾರೂ ತುಟಿ ಬಿಚ್ಚುತ್ತಿರಲಿಲ್ಲ, ಅಕ್ಕನಂತೂ ಇಲ್ಲವೇ ಇಲ್ಲ.

ಭಾವ ಒಂದು ಸರ್ಕಾರಿ ಕಚೇರಿಯಲ್ಲಿದ್ದರು. ಕಟ್ಟಡಗಳೊಳಗಿನ ಗಾಳಿ, ಸೆಕೆಗಳನ್ನು ಅಳೆಯುವುದು ಅವರ ಕೆಲಸ. ಇದಕ್ಕೂ ಸಂಬಳ ಕೊಡುತ್ತಾರೆಯೇ ಎಂದು ನನಗೆ ಬೆರಗು. ಅವರಿದ್ದದ್ದು ಹೊಸದಾಗಿ ಕಟ್ಟಿದ ಕ್ವಾರ್ಟರ್ಸ್ ಸಾಲಿನಲ್ಲಿ. ಮುಂದೆ ಒಂದು ಬಾಗಿಲು, ಒಂದು ಕಿಟಕಿ. ಹಿಂದೆ ಒಂದು ತೂತೂ ಇಲ್ಲದ ಗೋಡೆ. ಆ ಸಾಲಿನ ಮನೆಗಳನ್ನೇ ಪರೀಕ್ಷಿಸಲು ಕಚೇರಿ ಹೊರಟಿದ್ದರಿಂದ ಭಾವ ತಮ್ಮ ಮನೆಯಲ್ಲೂ ಉಪಕರಣಗಳನ್ನು ತೂಗುಹಾಕಿದ್ದರು. ಅವುಗಳಲ್ಲೊಂದು ಕಪ್ಪು ಬಳಿದ ತಾಮ್ರದ ಗುಂಡು. ದೃಷ್ಟಿ ತಾಗದಿರಲೆಂದು ಕಟ್ಟಿದ್ದಾರೆಂದು ತಿಳಿದು ಶುಕ್ರವಾರ ನಾನು ಅದಕ್ಕೆ ಕುಂಕುಮ ಹಚ್ಚಿದೆ.

ಭಾವ ಹೊಟ್ಟೆ ಹಿಡಿದು ನಕ್ಕರು. "ಅದು ದೇವರಲ್ಲವ್ವಾ. ಒಳಗ ಥರ್ಮಾಮೀಟರ್ ಐತಿ. ಗೋಡಿ, ಮಾಳಿಗಿ ಉಗುಳೋ ಕಾವು ತಿಳೀಲಿಕ್ಕೆ ಇಟ್ಟೇನಿ."

ಮುಂಬಾಗಿಲಿಗೆ ಅಕ್ಕ ಲಾವಂಚದ ತಟ್ಟಿ ಕಟ್ಟಿದಳು. ನಾನು ನೀರು ಚಿಮುಕಿಸುತ್ತಿದ್ದೆ. ಸ್ವಲ್ಪ ಹೊತ್ತು ಸ್ವರ್ಗ. ಆಮೇಲೆ ಕೋಣೆಯೆಲ್ಲ ಹಬೆ, ಮೈಮೇಲಿನ ಬೆವರು ಆರಲೊಲ್ಲದು. ಭಾವ ಒಂದು ಊದಿನಕಡ್ಡಿ ಹಚ್ಚಿ ಹಿಡಿದರು. ಹೊಗೆ ಹಿಂದಿನ ಗೋಡೆಯವರೆಗೆ ಹೋಗಿ, ಮಾಳಿಗೆಯ ಕೆಳಗೆ ಸುತ್ತಿ, ಮತ್ತೆ ನಮ್ಮ ಮುಖಕ್ಕೇ ಬಂತು.

"ಒಳಗ ಬಂದ ಗಾಳಿಗೆ ಹೊರಗ ಹೋಗಲಿಕ್ಕೆ ದಾರಿ ಇಲ್ಲ. ಕಡಬಿನ ಪಾತ್ರ್ಯಾಗ ಕುಂತೇವಿ ನಾವು" ಎಂದರು ಭಾವ.

ಕಚೇರಿಗೆ ಇನ್ನೊಂದು ತೊಡಕಿತ್ತು. ಸೆಕೆ ಎಷ್ಟೆಂದು ಯಂತ್ರ ಹೇಳುತ್ತದೆ, ಅದು ಮನುಷ್ಯರಿಗೆ ಹೇಗನಿಸುತ್ತದೆಂದು ಮನುಷ್ಯರೇ ಹೇಳಬೇಕು. ಮಧ್ಯಾಹ್ನ ಮನೆಗಳಲ್ಲಿರುವವರು ಹೆಂಗಸರು. ಕಚೇರಿಯ ಗಂಡಸರು ಒಳಗೆ ಕಾಲಿಡುವಂತಿಲ್ಲ. ಊಟದ ಹೊತ್ತಿಗೆ ಭಾವ ಹೀಗೆ ಗೊಣಗುತ್ತಿದ್ದಾಗ ಅಕ್ಕ ರೊಟ್ಟಿ ಬಡಿಸುತ್ತ, "ನಾವು ಹೋಗ್ತೇವಿ" ಎಂದಳು. ಆ 'ನಾವು' ಎಂಬುದರಲ್ಲಿ ನಾನೂ ಇದ್ದೇನೆಂದು ಗೊತ್ತಾದದ್ದು ಮರುದಿನ ಉರಿಬಿಸಿಲಿನಲ್ಲಿ.

ಎಲ್ಲ ಮನೆಯಲ್ಲೂ ಒಂದೇ ಉತ್ತರ. ಒಂದು ಕೈಯಲ್ಲಿ ಬೀಸಣಿಗೆ, ಇನ್ನೊಂದರಲ್ಲಿ ಬೆವರೊರೆಸುವ ಸೆರಗು, ಬಾಯಲ್ಲಿ "ಠೀಕ್ ಆಹೆ, ತಾಯಿ", ಎಲ್ಲ ಸರಿಯಾಗಿದೆ ಎಂದು. ಸರ್ಕಾರದ ಮನೆ ಸರಿಯಿಲ್ಲವೆಂದರೆ ಗಂಡನ ನೌಕರಿಗೆ ಕುತ್ತು ಬಂದರೆ? ಸಾಲಿನ ಕೊನೆಯ ಮನೆ ಕುಸುಮತಾಯಿಯದು. ತೊಟ್ಟಿಲಲ್ಲಿ ಎಳೆಗೂಸು, ಅದರ ಮೈತುಂಬ ಬೆವರುಸಾಲೆ. ಅವಳೂ ಎಲ್ಲ ಸರಿಯಾಗಿದೆ ಎಂದೇ ಹೇಳಿದಳು.

ಅಕ್ಕ ಎದ್ದು ಹೊರಡಲಿಲ್ಲ. ತೊಟ್ಟಿಲ ಪಕ್ಕದಲ್ಲಿ ಕೂತು, ತನ್ನ ಹರಕುಮುರುಕು ಮರಾಠಿಯಲ್ಲಿ ಹೇಳಿದಳು: "ನನ್ನ ಮಗನೂ ಇಂಥಾದs ಖೋಲ್ಯಾಗ ಮಲಗಿದ್ದ. ಹೋದ ಬ್ಯಾಸಿಗಿ. ಮೈ ಸುಡ್ತಿತ್ತು. ಸಂಜಿ ಅನ್ನೋದ್ರಾಗ ಹೋದ."

ನಾನು ಆ ಮಾತನ್ನು ಅವಳ ಬಾಯಿಂದ ಕೇಳಿದ್ದು ಅದೇ ಮೊದಲು. ಕುಸುಮತಾಯಿ ಕೂಸನ್ನೆತ್ತಿ, ಕೆಂಪಗೆ ಬೆಂದಂತಿದ್ದ ಅದರ ಬೆನ್ನು ತೋರಿಸಿದಳು. "ಕತ್ತಲಾದ ಮ್ಯಾಲೂ ಗೋಡಿ ಬೆಂಕಿ ಉಗುಳ್ತಾವ, ತಾಯಿ. ಇದನ್ನ ಹೆಗಲಿಗೆ ಹಾಕ್ಕೊಂಡು ಅಂಗಳದಾಗ ಅಡ್ಡಾಡ್ತೀನಿ" ಎಂದು ಅವಳು ಮರಾಠಿಯಲ್ಲಿ ಹೇಳಿದ್ದನ್ನು ನಾನು ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ.

ಮರುದಿನ ಅಕ್ಕ ಮೊದಲ ಮನೆಯಿಂದ ಮತ್ತೆ ಶುರು ಮಾಡಿದಳು. ಪ್ರತಿ ಮನೆಯಲ್ಲೂ ಮೊದಲು ತನ್ನ ಕೂಸಿನ ಸುದ್ದಿ ಹೇಳುತ್ತಿದ್ದಳು, ಆಮೇಲೆ ಪ್ರಶ್ನೆ. ಹೆಂಗಸರು ಬಾಯಿಬಿಟ್ಟರು. ನಾನು ಬರೆದುಕೊಳ್ಳುತ್ತಿದ್ದೆ, ಮೂಗೊರೆಸಿಕೊಳ್ಳುತ್ತಿದ್ದೆ.

ಹಿಂಗೋಡೆಗೆ ಕಿಂಡಿ ಒಡೆಸಬೇಕೆಂದು ಭಾವ ಮೇಲಧಿಕಾರಿಯನ್ನು ಕೇಳಿದರೆ, ಮುಂದಿನ ವರ್ಷ ನೋಡೋಣ ಎಂಬ ಉತ್ತರ ಬಂತು. ಅಕ್ಕ ತಾನೇ ಕಚೇರಿಗೆ ನಡೆದಳು, ಬೆನ್ನಿಗೆ ನಾನು. ಸಾಹೇಬರು ಕೆಟ್ಟವರಲ್ಲ. ಎದ್ದು ನಿಂತು ಕುರ್ಚಿ ಕೊಡಿಸಿ, ಹಿಂದಿಯಲ್ಲಿ ಸಮಾಧಾನವಾಗಿ ವಿವರಿಸಿದರು. "ಬೆಹನ್‌ಜಿ, ನಿಮ್ಮ ಮಾತು ನಂಬುತ್ತೇನೆ. ಆದರೆ ಎಲ್ಲ ಮನೆಗೂ ಕಿಂಡಿ ತೆರೆದರೆ, ತಂಪಾದದ್ದು ಕಿಂಡಿಯಿಂದಲೋ ಮೋಡದಿಂದಲೋ ಎಂದು ಮೇಲಿನವರು ಕೇಳುತ್ತಾರೆ. ಒಂದನ್ನು ತೆರೆದರೆ ಅಂಥದೇ ಇನ್ನೊಂದು ಮುಚ್ಚಿರಬೇಕು, ಅದರಲ್ಲೂ ಜನ ಇರಬೇಕು. ಯಾರು ಒಪ್ಪುತ್ತಾರೆ?"

"ನಮ್ಮದು ಮುಚ್ಚಿರಲಿ" ಎಂದಳು ಅಕ್ಕ. "ಕುಸುಮತಾಯಿಯ ಮನೆ ತೆರೆಯಿರಿ. ಮುಂದಿನ ವರ್ಷ ಅಲ್ಲ, ಈಗಲೇ."

ಅಂದು ಮನೆಯಲ್ಲಿ ಭಾವ ಮೊದಲ ಸಲ ದನಿ ಏರಿಸಿದ್ದನ್ನು ಕೇಳಿದೆ. "ಮತ್ತ ಆ ಖೋಲ್ಯಾಗ ಮಧ್ಯಾಹ್ನ ಪೂರಾ ಕುಂಡರ್ತೀ? ನೀ ಧಾರವಾಡಕ್ಕ ಹೋಗು."

"ನಾ ಹೋದರ, ಹೆಂಗ ಅನಸ್ತದ ಅಂತ ಹೇಳೋರು ಯಾರ್ರೀ?"

ಕುಸುಮತಾಯಿಯ ಹಿಂಗೋಡೆಯಲ್ಲಿ, ಮಾಳಿಗೆಯ ಕೆಳಗೇ, ಗಾರೆಯವರು ಕಿಂಡಿ ಒಡೆದರು. ಅದಕ್ಕೆ ಹಗ್ಗ ಜಗ್ಗಿದರೆ ತೆರೆಯುವ ಹಲಗೆ. ಬಿಸಿಗಾಳಿ ಬೀಸುವಾಗ ಬೆರಳು ತೂರುವಷ್ಟೇ ತೆರೆಯುವುದು, ಸಂಜೆ ಪೂರ್ತಿ. ನಾನು ತೊಟ್ಟಿಲು ತೂಗುವ ನೆಪ ಹೇಳಿ ದಿನವೂ ಅಲ್ಲಿಗೆ ಓಡುತ್ತಿದ್ದೆ. ಅಕ್ಕ ನಮ್ಮ ಮನೆಯಲ್ಲೇ, ಹಿಂಗೋಡೆಗೆ ಮುಖ ಮಾಡಿ ಅಕ್ಕಿ ಆರಿಸುತ್ತ ಕೂತಿರುತ್ತಿದ್ದಳು.

ಹಗಲಿನಲ್ಲಿ ಎರಡೂ ಮನೆಯ ಥರ್ಮಾಮೀಟರುಗಳಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಭಾವ ಕುಗ್ಗಿಹೋದರು. ಆದರೆ ಕುಸುಮತಾಯಿ, "ತಟ್ಟಿಯ ಗಾಳಿ ಈಗ ಮೈಮೇಲೆ ಹಾದು ಹೋಗುತ್ತದೆ, ಬೆವರು ಆರುತ್ತದೆ" ಎಂದಳು. ಕೂಸಿನ ಬೆನ್ನಿನ ಕೆಂಪು ಇಳಿಯಿತು. ಹೊತ್ತು ಮುಳುಗಿದ ಮೇಲೆ ಅವಳ ಗೋಡೆಗಳು ಆರುತ್ತಿದ್ದವು, ನಮ್ಮವು ಸುಡುತ್ತಲೇ ಇರುತ್ತಿದ್ದವು. ಒಂದು ರಜೆಯ ಮಧ್ಯಾಹ್ನ, ಗಂಡಸರು ಮನೆಯಲ್ಲಿದ್ದಾಗ, ಸಾಹೇಬರೇ ಬಂದರು. ಕುಸುಮತಾಯಿಯ ಮನೆಯಲ್ಲಿ ಕೂತು ಚಹಾ ಕುಡಿದರು; ನಮ್ಮಲ್ಲಿ ಅರ್ಧ ಕಪ್ಪಿಗೇ ಎದ್ದು ಅಂಗಳಕ್ಕೆ ಹೋಗಿ ಕುತ್ತಿಗೆ ಒರೆಸಿಕೊಂಡರು. ಮಳೆ ಬೀಳುವ ಮೊದಲೇ ಇಡೀ ಸಾಲಿಗೆ ಕಿಂಡಿಯ ಆದೇಶ ಬಂತು. ಆಮೇಲೆ ಕಟ್ಟಿದ ಸಾಲುಗಳಿಗೆ ಅದು ನಕ್ಷೆಯಲ್ಲೇ ಇತ್ತು. ನಮ್ಮ ಮನೆಯಲ್ಲಿ ಎಲ್ಲಿ ಒಡೆಯಲಿ ಎಂದು ಗಾರೆಯವನು ಕೇಳಿದಾಗ ಅಕ್ಕ ಹಿಂದಿನ ವರ್ಷ ತೊಟ್ಟಿಲಿದ್ದ ಕಡೆ ಕೈ ತೋರಿಸಿದಳು. ಮರುವರ್ಷ ಅದೇ ಕೋಣೆಯಲ್ಲಿ ಅವಳ ಮಗಳು ಮಲಗಿದಳು, ಬೆಳೆದಳು.

ಇದನ್ನೆಲ್ಲ ನಾನು ಎಷ್ಟೋ ಜನರಿಗೆ 'ನಮ್ಮ ಅಕ್ಕನ ತ್ಯಾಗ' ಎಂದು ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದೇನೆ. ಮೊನ್ನೆ ಧಾರವಾಡಕ್ಕೆ ಫೋನು ಮಾಡಿದಾಗ ಅವಳಿಗೇ ಹಾಗೆಂದೆ. ಅವಳಿಗೆ ಈಗ ಕಿವಿ ಮಂದ, ಎರಡು ಸಲ ಕೂಗಿ ಹೇಳಬೇಕಾಯಿತು.

"ಎಲ್ಲಿ ತ್ಯಾಗ ತಗದೀಯವ್ವಾ" ಎಂದಳು. "ಕೂಸು ಹೋದಾಗ ನನ್ನ ಹಾಲು ಕೆಟ್ಟಿತ್ತು ಅಂದ್ರು ಎಲ್ಲಾರೂ. ನಾನೂ ಹಂಗs ತಿಳಕೊಂಡಿದ್ದೆ. ಹೌದೋ ಅಲ್ಲೋ, ಆ ಖೋಲ್ಯಾಗ ಕುಂತು ನನಗ ಗೊತ್ತಾಗಬೇಕಿತ್ತು."

"ಗೊತ್ತಾತೇನು?"

"ಮೊದಲನೇ ವಾರನs ಗೊತ್ತಾತು, ತಪ್ಪು ಹಾಲಿಂದಲ್ಲ, ಖೋಲೀದು ಅಂತ. ಉಳಿದ ದಿನಾ ಸಾಹೇಬರಿಗೆ ಗೊತ್ತಾಗಲಿ ಅಂತ ಕುಂತೆ."

ಫೋನು ಇಟ್ಟು, ಎದ್ದು ಹೋಗಿ ಹಿಂದಿನ ಕಿಟಕಿ ತೆರೆದೆ. ತ್ಯಾಗ ಎಂಬ ಮಾತನ್ನು ಇನ್ನು ಅವಳ ಹೆಸರಿನ ಪಕ್ಕ ತರುವುದಿಲ್ಲ.