ಗೌಡರು ಕಾಲಿಗೆ ಬಿದ್ದ ದೃಶ್ಯ

ಗೌಡರು ಮೂರು ಸಲ ಬಿದ್ದರು. ಅಥವಾ ಏಳು ಸಲವೇ ಬಿದ್ದರೇನೋ. ಮೂರೇ ಸಲ ಬಿದ್ದದ್ದನ್ನು ನಾನು ಹೇಳಿ ಹೇಳಿ ಏಳು ಮಾಡಿರಲೂಬಹುದು. ನನ್ನ ನೆನಪು ಸಿನಿಮಾ ನೋಡಿ ಕೆಟ್ಟಿದೆ. ಮಧ್ಯಂತರ ಎಲ್ಲಿ ಬರಬೇಕೆಂದು ಅದಕ್ಕೆ ಮೊದಲೇ ಗೊತ್ತಿರುತ್ತದೆ.

ಚಿಗಟೇರಿಯ ಆಚೆಗಿನ ಒಂದು ಊರಿಗೆ ಶೂಟಿಂಗ್ ತಂಡ ಬಂದಿತ್ತು. ದಬ್ಬಾಳಿಕೆಯ ಕಥೆ. ಚಿತ್ರಕಥೆಯಲ್ಲಿ 'ಇದೆ' ಎಂದಿರುವಲ್ಲೆಲ್ಲ 'ಐತಿ' ಎಂದು ತಿದ್ದುವುದು ನನ್ನ ಕೆಲಸ. ಕ್ರಾಂತಿಗೆ ನನ್ನ ಕಾಣಿಕೆ ಅಷ್ಟೇ.

ಸಿನಿಮಾದಲ್ಲಿ ದಮನಿತರನ್ನು ಗುರುತಿಸುವುದು ಸುಲಭ: ಮುಖಕ್ಕೆ ಮಸಿ, ಹರಿದ ಅಂಗಿ, ಕೊನೆಯ ಹತ್ತು ನಿಮಿಷ ಕೈಯಲ್ಲೊಂದು ಕುಡಗೋಲು. ಅಧಿಕಾರವೆಂದರೆ ಮೀಸೆ, ಹೊಟ್ಟೆ, ಕುರ್ಚಿ. ನಮ್ಮ ನಿರ್ದೇಶಕರೂ ಊರವರನ್ನು ಸಾಲಾಗಿ ನಿಲ್ಲಿಸಿ ಹಾಗೆಯೇ ಪಾತ್ರ ಹಂಚಿದರು. ದಲಿತ ಕೇರಿಯ ನಿವೃತ್ತ ಶಿಕ್ಷಕ ದುರುಗಪ್ಪನವರಿಗೆ ತುಂಬು ಮೀಸೆ, ಇಸ್ತ್ರಿ ಅಂಗಿ, ಅವರು ಜಮೀನ್ದಾರರಾದರು. ಊರಿನ ನಿಜವಾದ ಜಮೀನ್ದಾರ ಶಿವನಗೌಡರು ಸಕ್ಕರೆ ಕಾಯಿಲೆಯಿಂದ ಕಡ್ಡಿಯಾಗಿದ್ದರು; ಅವರು ಜೀತದಾಳಾದರು. ತೆರೆಯ ಮೇಲೆ ಮುಖ ಬಂದರೆ ಸಾಕೆಂದು ಗೌಡರು ಪಾತ್ರ ಯಾವುದೆಂದು ಕೇಳದೆಯೇ ಒಪ್ಪಿದ್ದರು. ಊರವರು ಯಾರೂ ನಿರ್ದೇಶಕರನ್ನು ತಿದ್ದಲಿಲ್ಲ. ತಿದ್ದುವುದೇ ಕೆಲಸವಾಗಿದ್ದ ನಾನೂ ಸುಮ್ಮನಿದ್ದೆ.

ಮೇಷ್ಟ್ರು ನನ್ನನ್ನು ಬೇವಿನ ಮರದ ಮರೆಗೆ ಎಳೆದರು. "ನಾಳಿ ನೀವೆಲ್ಲ ಹೋಗ್ತೀರಿ. ನಾ ಇದೇ ಊರಾಗ ಬಾಳೇವು ಮಾಡಬೇಕಲ್ರಿ?"

"ಇದು ಬರೇ ನಾಟಕ ಐತ್ರಿ ಮೇಷ್ಟ್ರ, ಧೈರ್ಯ ಮಾಡ್ರಿ" ಎಂದೆ. ಇನ್ನೊಬ್ಬರ ಊರಿನಲ್ಲಿ ನಾನು ಬಹಳ ಧೈರ್ಯಶಾಲಿ.

ಕ್ಯಾಮೆರಾ ತಿರುಗಿತು. ಊರೆಲ್ಲ ಮೊಬೈಲ್ ಎತ್ತಿ ಹಿಡಿಯಿತು. ಗೌಡರು ಬಿದ್ದು ಮೇಷ್ಟ್ರ ಪಾದ ಹಿಡಿದರು. ಕುರ್ಚಿಯಲ್ಲಿದ್ದ ಮೇಷ್ಟ್ರು "ಏಳಲೇ ಮ್ಯಾಲೆ" ಎನ್ನಬೇಕಿತ್ತು. ('ಲೇ' ಸೇರಿಸಿದವನು ನಾನೇ.) ಮಾತೇ ಹೊರಡಲಿಲ್ಲ. ಅದು ಬಾರದೆ ಗೌಡರು ಏಳುವಂತಿಲ್ಲ.

"ಲೇ ದುರುಗ್ಯಾ, ಅನ್ನಲೇ!" ಎಂದರು ಗೌಡರು, ನೆಲದಿಂದಲೇ.

ಮತ್ತೆ ಬಿದ್ದರು, ಮತ್ತೆ ಮೌನ. "ದುರುಗಪ್ಪ, ಲಗೂನ ಅನ್ನಪಾ, ಮಣಕಾಲು ಹೋದ್ವು."

ಆಮೇಲಿನ ಒಂದು ಸಲ, ಅದು ಎಷ್ಟನೆಯದೋ, "ಮೇಷ್ಟ್ರ, ನಿಮ್ಮ ದಮ್ಮಯ್ಯ, ಒಂದ್ಸಲ ಅಂದುಬಿಡ್ರಿ!"

"ಏಳ್ರಿ ಗೌಡ್ರ" ಎಂದರು ಮೇಷ್ಟ್ರು, ಬಹಳ ಮೃದುವಾಗಿ.

ನಿರ್ದೇಶಕರು ತಲೆ ಚಚ್ಚಿಕೊಂಡು, ಬೇರೆ ಯಾರದೋ ದನಿ ಹಾಕಿಸುವುದಾಗಿ ಹೇಳಿದರು.

"ಖರೇನ ಮರೆತ್ರೇನ್ರಿ?" ಎಂದು ಆಮೇಲೆ ಕೇಳಿದೆ. ಮೂವತ್ತು ವರ್ಷ ಮಕ್ಕಳಿಂದ ಮಗ್ಗಿ ಬಾಯಿಪಾಠ ಹೇಳಿಸಿದವರು ಮೀಸೆ ನೀವಿಕೊಂಡು, "ವಯಸ್ಸಾತಲ್ರಿ" ಎಂದರು.

ಹೆದರಿ ಮಾತು ನಿಂತಿತೋ, ಬೇಕೆಂದೇ ನಿಲ್ಲಿಸಿದರೋ ನನಗೆ ತಿಳಿಯದು. ಮರುದಿನ ಬೆಳಿಗ್ಗೆ ದಾರಿಯಲ್ಲಿ ಎದುರಾದಾಗ ಗೌಡರು ಅವರನ್ನು ಏನೆಂದು ಕರೆದರೋ ಅದೂ ಗೊತ್ತಿಲ್ಲ. ಅಷ್ಟು ಹೊತ್ತಿಗೆ ನಾನು ಹರಪನಹಳ್ಳಿಯಲ್ಲಿದ್ದೆ.