ಚೆಕಿಂಗ್ ಮಾವನ ಪಟ್ಟೆ ಮೀನುಗಳು

ನನ್ನ ಮಾವ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವ ಕೆಲಸದಲ್ಲಿದ್ದವರು. ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ಬೀದಿಯವರಿಗೆಲ್ಲ ಅವರು ಇನ್ನೂ ‘ಚೆಕಿಂಗ್’. ಅವರ ಪ್ರಕಾರ ಹಾಲಿನವನು ನಗುತ್ತಾ ಬಂದರೆ ಆ ದಿನ ನೀರು ಹೆಚ್ಚು ಬೆರೆಸಿದ್ದಾನೆ ಎಂದರ್ಥ. ಮುಖ ಗಂಟಿಕ್ಕಿಕೊಂಡು ಬಂದರೂ ಅದೇ ಅರ್ಥ. ಪಾಪ, ಅವನು ಯಾವ ಮುಖ ಹೊತ್ತುಕೊಂಡು ಬರಬೇಕು ಎಂದು ನಾನೊಮ್ಮೆ ಕೇಳಿದ್ದಕ್ಕೆ, “ಅವನ ಪರ ನೀನ್ಯಾಕಮ್ಮ ವಹಿಸ್ಕೊಳ್ತೀಯ?” ಎಂದು ವಾರಗಟ್ಟಲೆ ನನ್ನ ಮೇಲೂ ಒಂದು ಕಣ್ಣಿಟ್ಟಿದ್ದರು.

ಕಳ್ಳರನ್ನು ಹಿಡಿಯುವುದಕ್ಕೆ ಅವರದೇ ಒಂದು ಶಾಸ್ತ್ರವಿತ್ತು. “ಬಸ್ ಹತ್ತಿದ ತಕ್ಷಣ ಯಾರ ಮುಖಾನೂ ನೋಡಬಾರ್ದು. ಯಾರು ಕಿಟಕಿ ಹೊರಗೆ ಬಹಳ ಆಸಕ್ತಿಯಿಂದ ನೋಡ್ತಿದ್ದಾರೋ ಅವರ ಹತ್ರ ಮೊದಲು ಹೋಗ್ಬೇಕು.” ಬಸ್ಸಿನಲ್ಲಿ ಈ ಶಾಸ್ತ್ರ ನಡೆದಿರಬಹುದು. ಮನೆಯಲ್ಲಿ ಅದರಿಂದ ಆದ ಲಾಭ ಇಷ್ಟೇ: ತಮ್ಮನ ಜೊತೆ ಮಾತು ನಿಂತಿತು, ಸಂಜೆ ಇಸ್ಪೀಟಿಗೆ ಬರುತ್ತಿದ್ದ ಗೆಳೆಯರು ಒಬ್ಬೊಬ್ಬರಾಗಿ ದೂರವಾದರು, ಪಕ್ಕದ ಮನೆಯವರು ಗೇಟಿಗೆ ತಗಡು ಹೊಡೆಸಿದರು.

ಉಳಿದವರು ನಾವು ನಾಲ್ವರು. ಮಾವ, ನನ್ನ ಗಂಡ, ನಾನು, ಮಾವನ ಅಕ್ಕ. ನನ್ನ ಅತ್ತೆ ನಾನು ಆ ಮನೆಗೆ ಬರುವ ಮೊದಲೇ ತೀರಿಹೋಗಿದ್ದರಿಂದ ಯಜಮಾನಿಕೆ ಈ ದೊಡ್ಡತ್ತೆಯದೇ. ಶಾಲೆಯಲ್ಲಿ ಹೊಲಿಗೆ ಟೀಚರ್ ಆಗಿದ್ದವರು, ಮದುವೆಯ ಗೊಡವೆಗೆ ಹೋಗಲಿಲ್ಲ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ತಮ್ಮನನ್ನು, ಅಂದರೆ ನನ್ನ ಮಾವನನ್ನು, ಮೀಯಿಸಿ, ಉಣಿಸಿ, ತಾನು ಹೊಲಿದ ಅಂಗಿ ತೊಡಿಸಿ ದೊಡ್ಡವನನ್ನು ಮಾಡಿದ್ದೇ ಅವರು. ಮಾವನಿಗೆ ಎದುರು ಮಾತಾಡುವ ಧೈರ್ಯ ಇದ್ದದ್ದೂ ಅವರೊಬ್ಬರಿಗೇ.

ಮನುಷ್ಯರ ಸಹವಾಸ ಕಡಿಮೆಯಾದ ಮೇಲೆ ಮಾವ ಮೀನು ಸಾಕಲು ಶುರು ಮಾಡಿದರು. ನಡುಮನೆಯಲ್ಲಿ ಸೋಫಾದ ಎದುರಿಗೆ ಗಾಜಿನ ತೊಟ್ಟಿ ಬಂತು. ಜಲ್ಲಿ, ಗಿಡ, ಗೊರಗೊರ ಅನ್ನುವ ಮೋಟರ್ ಎಲ್ಲ ಬಂದವು. ನಲ್ಲಿಯ ನೀರನ್ನು ನೇರವಾಗಿ ಹಾಕುವಂತಿರಲಿಲ್ಲ. ಬಕೆಟ್ಟುಗಳಲ್ಲಿ ಒಂದು ದಿನ ತೆರೆದಿಟ್ಟು, ಔಷಧದ ವಾಸನೆ ಹೋದ ಮೇಲೆ ಹಾಕಬೇಕು. ನಾನು ಆ ಬಕೆಟ್ಟುಗಳನ್ನು ಎಡವಿ ಬಿದ್ದದ್ದಕ್ಕೆ ಲೆಕ್ಕವಿಲ್ಲ. ತೊಟ್ಟಿಯ ರಾಜ ಒಂದು ಬಿಳಿಯ ಏಂಜೆಲ್ ಮೀನು. ಪರದೆಯಂತೆ ಇಳಿಬಿದ್ದ ಉದ್ದುದ್ದ ರೆಕ್ಕೆ, ನಿಧಾನದ ನಡೆ. ಮಾವ ಅದಕ್ಕೆ ‘ಸಾಹೇಬ್ರು’ ಎನ್ನುತ್ತಿದ್ದರು. ತಮ್ಮ ಮೇಲಧಿಕಾರಿಗಳನ್ನು ಅವರು ಅಷ್ಟು ಪ್ರೀತಿಯಿಂದ ಕರೆದದ್ದನ್ನು ನಾನು ಕೇಳಿಲ್ಲ.

ಆಮೇಲೆ ಒಂದು ದಿನ ನನ್ನನ್ನೂ ಕರೆದುಕೊಂಡು ಹೋಗಿ ಪಟ್ಟೆ ಬಾರ್ಬ್ ಮೀನು ತಂದರು. ಹಳದಿ ಮೈ, ಕಪ್ಪು ಪಟ್ಟೆ, ಹೆಬ್ಬೆರಳಿನಷ್ಟು ಉದ್ದ. ಅಂಗಡಿಯಲ್ಲಿ ಅವು ಒಂದು ದಂಡು ಕಟ್ಟಿಕೊಂಡು ಅತ್ತಿಂದಿತ್ತ ಓಡಾಡುತ್ತಿದ್ದವು. “ಹತ್ತು ಹನ್ನೆರಡಾದ್ರೂ ತಗೊಳ್ಳಿ ಸಾರ್, ಇವು ಗುಂಪಲ್ಲಿರೋ ಮೀನು. ಕಮ್ಮಿ ಹಾಕಿದ್ರೆ ಬೇರೆ ಮೀನಿನ ತಂಟೆಗೆ ಹೋಗ್ತವೆ” ಎಂದ ಅಂಗಡಿಯವನು. ಮಾವ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದರು. “ಐದು ಸಾಕು” ಎಂದರು. ಹೊರಗೆ ಬಂದ ಮೇಲೆ, “ನೋಡಿದ್ಯಾ? ನಮಗೇ ಟೋಪಿ ಹಾಕೋಕೆ ಬರ್ತಾನೆ” ಎಂದು ಮನೆಯವರೆಗೂ ಬೀಗಿದರು.

ಸ್ವಲ್ಪ ದಿನಕ್ಕೇ ಸಾಹೇಬರ ರೆಕ್ಕೆಯ ತುದಿ ಹರಿಯಿತು. ಮಾವನಿಗೆ ಹೋಗಿದ್ದ ಜೀವ ಬಂದಂತಾಯಿತು ಎಂದರೆ ತಪ್ಪಿಲ್ಲ. ಎಷ್ಟು ವರ್ಷದ ಮೇಲೆ ಕೈಗೊಂದು ಕೇಸು ಸಿಕ್ಕಿತ್ತು! ಮೊದಲು ನಾನು: ಸೋಪಿನ ಕೈ ಅದ್ದಿದ್ದೀಯಾ ಎಂದು. ಆಮೇಲೆ ನನ್ನ ಗಂಡ: ಮೀನಿನ ಆಹಾರ ಅಗ್ಗದ್ದು ತಂದಿದ್ದೀಯಾ ಎಂದು. ನಮ್ಮಿಬ್ಬರನ್ನೂ ಬಿಟ್ಟ ಮೇಲೆ ಭೂತಗನ್ನಡಿ ತಂದು ಗಾಜಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಇದು ಹರಿದಿದ್ದಲ್ಲ, ಕತ್ತರಿಸಿದ್ದು” ಎಂದರು.

ದೊಡ್ಡತ್ತೆ ಅಲ್ಲೇ ಕೂತು ದಿಂಬಿನ ಚೀಲಕ್ಕೆ ಕಸೂತಿ ಹಾಕುತ್ತಿದ್ದರು. ತೊಡೆಯ ಮೇಲೆ ಪುಟ್ಟ ಕತ್ತರಿ. ಮಾವನ ಕಣ್ಣು ಅದರ ಮೇಲೆ ನಿಂತಿತು. “ಅಕ್ಕಾ, ಮೋಟರ್ ಸದ್ದಿಗೆ ನಿದ್ದೆ ಬರಲ್ಲ, ಈ ತೊಟ್ಟಿ ತೆಗಿ ಅಂತ ನೀನೇ ಅಲ್ವಾ ಹೇಳಿದ್ದು?”

ನಾನು ತಮಾಷೆ ಎಂದುಕೊಂಡು ನಕ್ಕೆ. ದೊಡ್ಡತ್ತೆ ನಗಲಿಲ್ಲ. “ಅಂದ್ರೆ? ನಾನು ನೀರಿಗೆ ಕೈ ಹಾಕಿ ಮೀನು ಹಿಡಿದು ಅದರ ರೆಕ್ಕೆ ಕತ್ತರಿಸಿದೆ ಅಂತೀಯಾ?”

“ನಾನು ಹಾಗಂದ್ನಾ? ಮನೆಯಲ್ಲಿ ಅಷ್ಟು ಸಣ್ಣ ಕತ್ತರಿ ಇನ್ಯಾರ ಹತ್ರ ಇದೆ ಅಂತ ಕೇಳ್ದೆ ಅಷ್ಟೆ.”

ದೊಡ್ಡತ್ತೆ ಎದ್ದು ಒಳಗೆ ಹೋದರು. ಮರುದಿನ ತಮ್ಮ ಹಳೆಯ ಗೆಳತಿಗೆ ಫೋನ್ ಮಾಡಿದ್ದು ನನಗೆ ಕೇಳಿಸಿತು. ಜೊತೆಯಲ್ಲಿ ಪಾಠ ಮಾಡಿದವರು, ಒಂಟಿಯಾಗಿದ್ದರು. ಬಣ್ಣ ಬಳಿಯುವ ಕೆಲಸ ಮುಗಿದರೆ ಅವರ ಮನೆಯ ಹಿಂದಿನ ಕೋಣೆ ದೊಡ್ಡತ್ತೆಗೆ. ನಾನು ಬೇಡ ಎಂದು ಕೈ ಹಿಡಿದರೆ, “ಇಲ್ಲಮ್ಮ, ಹೊರಗಿನವರು ಅಂದಿದ್ರೆ ಎದುರಿಸ್ತಿದ್ದೆ. ನಾನು ಎತ್ತಿ ಆಡಿಸಿದವನು ಅಂದ” ಎಂದರು. ಅವರು ಹೋದರೆ ಮನೆಯೇ ಹೋದಂತೆ ಎಂದು ನನಗೆ ಹೆದರಿಕೆ. ಇನ್ನೊಂದು ಹೆದರಿಕೆಯನ್ನೂ ಮುಚ್ಚಿಡುವುದಿಲ್ಲ: ಅವರ ನಂತರದ ಸರದಿ ನನ್ನದೇ.

ಹಾಗಾಗಿ ಸಾಹೇಬರನ್ನು ಕಾಯಲು ನಾನೇ ಕೂತೆ. ಸೊಪ್ಪು ಸೋಸುವುದು, ಬಟ್ಟೆ ಮಡಚುವುದು ಎಲ್ಲ ತೊಟ್ಟಿಯ ಎದುರೇ. ಬಹಳ ಕಾಯಬೇಕಾಗಲಿಲ್ಲ. ಒಂದು ಬಾರ್ಬ್ ಹಿಂದಿನಿಂದ ಸರ್ರನೆ ಬಂದು ಸಾಹೇಬರ ಬಾಲ ಕಚ್ಚಿ ಎಳೆದು ಗಿಡದ ಮರೆಗೆ ಓಡಿತು. ನಾನು ಕೂಗಿಕೊಂಡೆ. ಮಾವನೂ ಬಂದು ನೋಡಿದರು. ಇನ್ನೇನು, ದೊಡ್ಡತ್ತೆ ಗೆದ್ದರು ಎಂದುಕೊಂಡೆ.

“ಮೀನೂ ಕಚ್ಚಿರಬಹುದು” ಎಂದರು ಮಾವ. “ಹಾಗಂತ ಕತ್ತರಿ ಸುಮ್ನಿತ್ತು ಅಂತ ಹೇಗೆ ಹೇಳ್ತೀಯ?”

ನನಗೆ ಮೈಯೆಲ್ಲ ಉರಿದುಹೋಯಿತು.

ಆಮೇಲೆ ಶುರುವಾಯಿತು ನೋಡಿ ಬಾರ್ಬುಗಳ ವಿಚಾರಣೆ. ಮಾವನ ಲೆಕ್ಕದಲ್ಲಿ ಐದರಲ್ಲಿ ಕಳ್ಳ ಒಬ್ಬನೇ. ಯಾರು? ಗಾಜಿಗೆ ಮೂಗು ಒತ್ತಿ ಹೊರಗೆ ನೋಡುತ್ತಾ ಏನೂ ಗೊತ್ತಿಲ್ಲದವನಂತೆ ನಿಂತವನು! ಅವನನ್ನು ಬಲೆಯಲ್ಲಿ ಹಿಡಿದು, ಬಟ್ಟೆ ಒಗೆಯುವ ಜಾಗದಲ್ಲಿ ನೀಲಿ ಟಬ್ಬಿಗೆ ಹಾಕಿದರು. ನಾನು ಅದಕ್ಕೆ ಲಾಕಪ್ ಎಂದು ಹೆಸರಿಟ್ಟೆ. ಒಂದು ದಿನ ತೊಟ್ಟಿ ಶಾಂತವಾಗಿತ್ತು. ಮರುದಿನದಿಂದ ಉಳಿದ ನಾಲ್ಕೂ ಸಾಹೇಬರ ಹಿಂದೆ ಕೈ ತೊಳೆದುಕೊಂಡು ಬಿದ್ದವು. ಇನ್ನೊಬ್ಬನ ಬಂಧನವಾಯಿತು. ಕಾಟ ಹೆಚ್ಚಾಯಿತು. ಮತ್ತೊಬ್ಬನದಾಯಿತು. ಉಳಿದ ಎರಡಂತೂ ಬೇರೆ ಕೆಲಸವೇ ಇಲ್ಲದಂತೆ ಸಾಹೇಬರನ್ನು ಮೂಲೆಯಿಂದ ಮೂಲೆಗೆ ಅಟ್ಟಿದವು. ಸಾಹೇಬರ ಬಾಲ ಮೋಟಾಯಿತು. ಅವರು ಮೋಟರಿನ ಹಿಂದೆ ಓರೆಯಾಗಿ ನಿಂತು ಉಸಿರೆಳೆಯುತ್ತಿದ್ದರು.

“ಎಷ್ಟು ಕಳ್ಳರನ್ನು ತೆಗೆದ್ರೂ ಕಳ್ಳತನ ಜಾಸ್ತಿ ಆಗ್ತಿದೆಯಲ್ಲ” ಎಂದು ಮಾವ ತಲೆಯ ಮೇಲೆ ಕೈ ಹೊತ್ತು ಕೂತರು. ಅಷ್ಟು ಸಿಟ್ಟಿನಲ್ಲೂ ಅವರನ್ನು ನೋಡಿ ನನಗೆ ಅಯ್ಯೋ ಅನ್ನಿಸಿತು.

“ಆ ಅಂಗಡಿಯವನು ಹೇಳಿದ್ದು ನೆನಪಿದೆಯಾ ಮಾವ? ಗುಂಪಲ್ಲಿರೋ ಮೀನು ಅಂತ.”

“ಅವನು ಹೇಳದೆ ಇರ್ತಾನಾ? ಮಾರೋನು ಅವನೇ ಅಲ್ವಾ!”

ಆ ದಿನ ನಾನು ಯಾರ ಮಾತನ್ನೂ ಕೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋಗಿ, ಒಂದು ಚೀಲ ತುಂಬ ಪಟ್ಟೆ ಬಾರ್ಬ್ ತಂದೆ. ಚೀಲವನ್ನು ಸ್ವಲ್ಪ ಹೊತ್ತು ತೊಟ್ಟಿಯಲ್ಲಿ ತೇಲಬಿಟ್ಟು, ಹೊಸಬರನ್ನೂ ಲಾಕಪ್ಪಿನ ಮೂವರನ್ನೂ ಒಟ್ಟಿಗೇ ಒಳಗೆ ಬಿಟ್ಟೆ. ಮಾವ ಕಿರುಚಿದರು. “ಕೊಲ್ಲೋಕೇ ತಂದಿದ್ದೀಯ! ಯಾರು ಹೇಳಿಕೊಟ್ರು ನಿನಗೆ? ಅಕ್ಕನಾ?”

ಉತ್ತರ ತೊಟ್ಟಿಯಲ್ಲೇ ಇತ್ತು. ಬಾರ್ಬುಗಳು ಮೊದಲು ದಿಕ್ಕುಗೆಟ್ಟು ಓಡಿದವು, ಆಮೇಲೆ ಒಂದನ್ನೊಂದು ಅಟ್ಟತೊಡಗಿದವು. ಇವನು ಅವನ ಹಿಂದೆ, ಅವನು ಇನ್ನೊಬ್ಬನ ಹಿಂದೆ. ತಮ್ಮೊಳಗೆ ಯಾರು ಮುಂದು ಯಾರು ಹಿಂದು ಎನ್ನುವ ಜಗಳದಲ್ಲಿ ಸಾಹೇಬರು ಅಲ್ಲಿದ್ದಾರೆ ಎನ್ನುವುದೇ ಮರೆತುಹೋಯಿತು. ಮಾವ ಕುರ್ಚಿ ಎಳೆದುಕೊಂಡು ಕಣ್ಣಲ್ಲಿ ಕಣ್ಣಿಟ್ಟು ಕಾದರು. ದಿನಗಳು ಕಳೆದರೂ ಅಪರಾಧ ನಡೆಯಲೇ ಇಲ್ಲ. ಸಾಹೇಬರು ಮೋಟರಿನ ಹಿಂದಿನಿಂದ ಹೊರಬಂದರು, ಊಟ ಮಾಡಿದರು. ಮೋಟು ಬಾಲದ ಅಂಚಿನಲ್ಲಿ ತೆಳ್ಳನೆಯ ಹೊಸ ರೆಕ್ಕೆ ಕಾಣಿಸಿತು.

ದೊಡ್ಡತ್ತೆ ಈ ಯಾವುದನ್ನೂ ನೋಡಲು ನಡುಮನೆಗೆ ಬರಲಿಲ್ಲ. ಗೆಳತಿಯ ಕೋಣೆಯ ಬಣ್ಣ ಒಣಗಿತ್ತು. ಮಾವ ಹೋಗಿ ಒಂದು ಮಾತು ಹೇಳಿಯಾರು ಎಂದು ನಾನು ಕಾದೆ. ಅವರು ಹೇಳಲಿಲ್ಲ. ಹಾಗಾಗಿ ಒಂದು ಭಾನುವಾರ ನನ್ನ ಗಂಡನನ್ನು ಹೊರಡಿಸಿ, ಬೇರೆ ಬಡಾವಣೆಯಲ್ಲಿ ಬಾಡಿಗೆಗಿದ್ದ ಎರಡು ಕೋಣೆಯ ಮನೆ ನೋಡಿ ಬಂದೆ. ಒಳ್ಳೆಯ ಬೆಳಕಿತ್ತು. ಮಾವನಿಗೆ, ಗೆಳೆಯರ ಮನೆಗೆ ಹೋಗಿದ್ದೆವು ಎಂದೆವು.

ದೊಡ್ಡತ್ತೆ ಹೊರಟ ದಿನ ಗಾಡಿ ಬಂದು ಗೇಟಿನ ಮುಂದೆ ನಿಂತಿತ್ತು. ಹೊಲಿಗೆ ಯಂತ್ರವನ್ನು ನನ್ನ ಗಂಡ ಒಳಗಿಟ್ಟರು. ಆಗ ಮಾವ ಬಾಗಿಲಿಗೆ ಬಂದರು.

“ಅಕ್ಕಾ, ಅದು ಮೀನೇ. ನೀನಲ್ಲ. ಈಗ ಗೊತ್ತಾಯ್ತು.”

“ಗೊತ್ತಾಗ್ದೆ ಇದ್ದಿದ್ರೆ?” ಎಂದರು ದೊಡ್ಡತ್ತೆ.

ಮಾವ ತಲೆ ತಗ್ಗಿಸಿದರು. ಒಂದು ಸುಳ್ಳು ಹೇಳಿಬಿಡಿ ಮಾವ ಎಂದು ನನ್ನ ಮನಸ್ಸು ಬಡಿದುಕೊಳ್ಳುತ್ತಿತ್ತು. ಅವರಿಗೆ ಅದೂ ಬರಲಿಲ್ಲ. “ನಿನ್ನ ಮೇಲೇ ಅನುಮಾನ ಇರ್ತಿತ್ತು” ಎಂದರು.

“ಅದಕ್ಕೇ ಹೋಗ್ತಿದ್ದೀನಿ ಕಣೋ” ಎಂದು ದೊಡ್ಡತ್ತೆ ತಮ್ಮನ ತಲೆಯ ಮೇಲೆ ಒಮ್ಮೆ ಕೈಯಿಟ್ಟು ಗಾಡಿ ಹತ್ತಿದರು. ನಾನು ಗೋಡೆಗೆ ಒರಗಿ ಅತ್ತುಬಿಟ್ಟೆ.

ಸಂಜೆ ನಾನು ಅಡುಗೆಮನೆಯಲ್ಲಿದ್ದಾಗ ಮಾವ ಬಂದು ಬಾಗಿಲಲ್ಲಿ ನಿಂತರು. ನೀರು ಕೇಳಿದರು, ಕೊಟ್ಟೆ, ಕುಡಿಯಲಿಲ್ಲ.

“ನೀನೂ ಹೋಗ್ತೀಯೇನಮ್ಮ?”

ಆ ಬಾಡಿಗೆ ಮನೆಯ ವಿಷಯ ನಮ್ಮಿಬ್ಬರ ಬಾಯಿಂದ ಹೊರಗೆ ಹೋಗಿರಲಿಲ್ಲ. ಇಷ್ಟು ವರ್ಷದಲ್ಲಿ ಮಾವನ ಅನುಮಾನ ಮೊದಲ ಬಾರಿಗೆ ಸರಿಯಾದ ಜಾಗಕ್ಕೆ ಬಂದು ನಿಂತಿತ್ತು.

“ಇಲ್ಲ ಮಾವ. ಎಲ್ಲಿಗೆ ಹೋಗ್ಲಿ?” ಎಂದೆ.

ಭಾನುವಾರ ಎಲ್ಲಿಗೆ ಹೋಗಿದ್ದಿರಿ, ಯಾವ ಗೆಳೆಯ, ಯಾವ ಬೀದಿ ಎಂದು ಕೇಳುತ್ತಾರೆ ಎಂದು ಕಾದೆ. ಕೇಳಲಿಲ್ಲ. “ಸರಿ ಕಣಮ್ಮ” ಎಂದು ನೀರನ್ನೆಲ್ಲ ಒಂದೇ ಗುಟುಕಿಗೆ ಕುಡಿದು, ಲೋಟವನ್ನು ತಾವೇ ತೊಳೆದಿಟ್ಟು ಹೊರಗೆ ಹೋದರು.

ನಾನು ಒಲೆ ಆರಿಸಿ ಕೋಣೆಗೆ ಹೋದೆ. ಆ ಮನೆ ಬೇಡ ಎಂದು ಹೇಳಿಬಿಡಿ ಎಂದು ನನ್ನ ಗಂಡನಿಗೆ ಹೇಳಿದೆ.

“ಯಾಕೆ? ನೀನೇ ಅಲ್ವಾ ಅಷ್ಟು ಇಷ್ಟಪಟ್ಟಿದ್ದು! ಏನಾಯ್ತು?”

“ಮಾವ ನನ್ನ ಮಾತು ನಂಬಿಬಿಟ್ರು” ಎಂದೆ.