ಕೂಗಿದಾಗ ಬಂದವರು

ಇದು ಕಳೆದ ಬೇಸಿಗೆಯಲ್ಲಿ ಇಂಡಿಯಲ್ಲಿ ನಡೆದದ್ದು. ಮಾಜಿ ಸೈನಿಕರು ಚಿಕಿತ್ಸೆಗಾಗಿ ಜಿಲ್ಲಾ ಕೇಂದ್ರಕ್ಕೆ ಅಲೆಯಬಾರದು, ತಾಲ್ಲೂಕಿನಲ್ಲೇ ಅದು ಸಿಗಬೇಕು ಎಂದು ಹೊಸ ಕಾಯ್ದೆ ಬಂದಿತ್ತು. ಅದರ ಪ್ರಕಾರ ನಡೆದ ಮೊದಲ ಶಿಬಿರ ಕಿವಿಯದು. ಕೇಳಿಸದವರಿಗೆ ಶ್ರವಣಯಂತ್ರ ಉಚಿತ. ಪರೀಕ್ಷೆ ಮಾಡುವವನು ನಾನು.

ಸಂಜೆ ಸಾಮಾನು ಕಟ್ಟಿ ಹೊರಗೆ ಬಂದರೆ, ಸಾಲೋಟಗಿಯ ನಿವೃತ್ತ ಹವಾಲ್ದಾರರೊಬ್ಬರು ಬೆಂಚಿನ ಮೇಲೆ ಇನ್ನೂ ನೆಟ್ಟಗೆ ಕುಳಿತಿದ್ದರು.

“ಕಾಕಾ, ಒಳಗ ಯಾಕ ಬರಲಿಲ್ರಿ?” ಎಂದೆ. ಕಿವಿಯ ಹತ್ತಿರ ಬಾಗಿ ಮತ್ತೆ ಕೂಗಿದೆ.

“ಕರೀದ ಹೆಂಗ ಬರ್ಲಿ ತಮ್ಮಾ? ಇಪ್ಪತ್ತು ವರ್ಷ ಗುಂಡು ಹಾರಸೂ ತೋಪಿನ ಮಗ್ಗಲಾಗ ನಿಂತಾವ ನಾ. ಹುಕುಂ ಇಲ್ದ ಎದ್ದಾವಲ್ಲ.”

ಹೆಸರು ಕೂಗುವ ಜವಾನನನ್ನು ವಿಚಾರಿಸಿದೆ. “ಮೂರು ಸಲ ಕೂಗೇನ್ರಿ ಸರ್. ಬರದಿದ್ರ ಗೈರುಹಾಜರಿ ಅಂತ ನಿಯಮದಾಗ ಐತಿ. ಕೇಳಿಸಿದವ್ರು ಎಲ್ಲಾರೂ ಬಂದಾರ ನೋಡ್ರಿ.”

ಕಟ್ಟಿದ್ದ ಪರೀಕ್ಷೆಯ ಯಂತ್ರವನ್ನು ನಾನು ಮತ್ತೆ ಬಿಚ್ಚಿದೆ. ಆದರೆ ಗೈರುಹಾಜರಾದವರ ಹೆಸರನ್ನು ಕಂಪ್ಯೂಟರ್ ಎರಡನೇ ಸಲ ತೆಗೆದುಕೊಳ್ಳಲಿಲ್ಲ. ಹೆಸರು ಇಲ್ಲದೆ ಪರೀಕ್ಷೆ ಇಲ್ಲ, ಪರೀಕ್ಷೆ ಇಲ್ಲದೆ ಶ್ರವಣಯಂತ್ರ ಇಲ್ಲ. ಸನ್ನೆ ಮಾಡಿ ತಿಳಿಸಿದೆ. ಹವಾಲ್ದಾರರು ಸಿಟ್ಟಾಗಲಿಲ್ಲ. ಮುಂದಿನ ಶಿಬಿರ ಯಾವಾಗ ಎಂದಷ್ಟೇ ಕೇಳಿದರು.

“ಫೋನ್ ಮಾಡಿ ಹೇಳ್ತೇವ್ರಿ,” ಎಂದ ಜವಾನ.

ಅವರು ಸೆಲ್ಯೂಟ್ ಹೊಡೆದು ಬಸ್ ನಿಲ್ದಾಣದ ಕಡೆ ನಡೆದರು. ನಾನು ಒಳಗೆ ಹೋಗಿ ಶಿಬಿರದ ವರದಿ ಕಳಿಸಿದೆ. ಇಂಡಿ ತಾಲ್ಲೂಕಿನಲ್ಲಿ ಶ್ರವಣಯಂತ್ರ ಬೇಕಾದ ಮಾಜಿ ಸೈನಿಕರು: ಸೊನ್ನೆ.